ಅಮೆರಿಕದ ಟ್ಯಾಕ್ಸ್‌ಗೆ ಭಾರತದ ಬಡ್ಡಿ: ಸಮ್‌ಇಫ್ಸ್, ಕೌಂಟ್‌ಇಫ್ಸ್ ಬಳಸಿ ಲೆಕ್ಕ ಹಾಕುವುದು ಹೇಗೆ?

ಟ್ಯಾಕ್ಸ್ ಸೀಸನ್ ಬಂತೆಂದರೆ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಊರಿನ ಬ್ಯಾಂಕ್ ಕೊಟ್ಟ ಟಿಡಿಎಸ್ ಸರ್ಟಿಫಿಕೇಟ್‌ನಲ್ಲಿರುವ ಬಡ್ಡಿಯನ್ನೇ ಇಲ್ಲಿ ತೋರಿಸಿದರೆ ಸಾಕಲ್ಲವೇ?" ಸಾಲದು. ಒಂದು ವರ್ಷ ನಾನೂ ಹಾಗೆಯೇ ಮಾಡಿ, ಆಮೇಲೆ ತಿದ್ದುಪಡಿ ರಿಟರ್ನ್ ಸಲ್ಲಿಸಿ ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದ್ದೇನೆ.

ತಪ್ಪಾಗಿದ್ದು ಎರಡು ಕಡೆ. ಭಾರತದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಅಮೆರಿಕದ್ದು ಜನವರಿಯಿಂದ ಡಿಸೆಂಬರ್‌ವರೆಗೆ. ಜೊತೆಗೆ, ಎನ್‌ಆರ್‌ಇ ಖಾತೆಯ ಬಡ್ಡಿಗೆ ಅನಿವಾಸಿಗಳಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಾಗಾಗಿ ಟಿಡಿಎಸ್ ಸರ್ಟಿಫಿಕೇಟ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ. ಆದರೆ ಅಮೆರಿಕದಲ್ಲಿ ಅದಕ್ಕೂ ತೆರಿಗೆ ಇದೆ.

ಆದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ನಾವೇ ಲೆಕ್ಕ ಹಾಕಬೇಕು. ನಾನು ನಾಲ್ಕು ಕಾಲಂ ಇಟ್ಟುಕೊಳ್ಳುತ್ತೇನೆ: ಎ ದಿನಾಂಕ, ಬಿ ಖಾತೆ, ಸಿ ವಿವರ, ಡಿ ಮೊತ್ತ. ವಿವರದ ಕಾಲಂನಲ್ಲಿ ಕನ್ನಡದಲ್ಲೇ "ಬಡ್ಡಿ" ಎಂದು ಬರೆದರೂ ಎಕ್ಸೆಲ್‌ಗೆ ತೊಂದರೆಯಿಲ್ಲ. ಒಂದು ಸಣ್ಣ ಉದಾಹರಣೆ:

31/03/2024, ಎನ್‌ಆರ್‌ಒ, ಬಡ್ಡಿ, 18,000
30/06/2024, ಎನ್‌ಆರ್‌ಒ, ಬಡ್ಡಿ, 18,500
30/09/2024, ಎನ್‌ಆರ್‌ಒ, ಬಡ್ಡಿ, 19,000
30/09/2024, ಎನ್‌ಆರ್‌ಇ, ಬಡ್ಡಿ, 40,000
31/12/2024, ಎನ್‌ಆರ್‌ಒ, ಬಡ್ಡಿ, 19,500
31/03/2025, ಎನ್‌ಆರ್‌ಒ, ಬಡ್ಡಿ, 20,000

ಎಫ್1ರಲ್ಲಿ 2024ರ ಜನವರಿ 1, ಎಫ್2ರಲ್ಲಿ 2025ರ ಜನವರಿ 1 ಎಂದು ಹಾಕಿ. ನಂತರ ಈ ಸೂತ್ರ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ):

=ಸಮ್‌ಇಫ್ಸ್(ಡಿ2:ಡಿ60, ಸಿ2:ಸಿ60, "ಬಡ್ಡಿ", ಎ2:ಎ60, ">="&ಎಫ್1, ಎ2:ಎ60, "<"&ಎಫ್2)

ಮೊದಲು ಕೂಡಬೇಕಾದ ಕಾಲಂ, ಆಮೇಲೆ ಜೋಡಿ ಜೋಡಿಯಾಗಿ "ಎಲ್ಲಿ ನೋಡಬೇಕು, ಏನು ಇರಬೇಕು". ಹಳೆಯ ಸಮ್‌ಇಫ್‌ನಲ್ಲಿ ಕೂಡುವ ಕಾಲಂ ಕೊನೆಯಲ್ಲಿ ಬರುತ್ತದೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳಬೇಡಿ. ಎಲ್ಲ ರೇಂಜ್‌ಗಳೂ ಒಂದೇ ಉದ್ದ ಇರಬೇಕು.

ಉತ್ತರ 1,15,000 ರೂಪಾಯಿ. ಟಿಡಿಎಸ್ ಸರ್ಟಿಫಿಕೇಟ್‌ಗಳನ್ನು ನಂಬಿದ್ದರೆ 2024-25ರ ಎನ್‌ಆರ್‌ಒ ಬಡ್ಡಿ 77,000 ಮಾತ್ರ ತೋರಿಸುತ್ತಿದ್ದೆವು. ವರ್ಷದ ವ್ಯತ್ಯಾಸದಿಂದ ಆದದ್ದು 2,000 ಅಷ್ಟೇ. ದೊಡ್ಡ ಪೆಟ್ಟು ಬಿಟ್ಟುಹೋದ ಎನ್‌ಆರ್‌ಇಯದು.

ಖಾತೆವಾರು ಬೇಕಿದ್ದರೆ ಬಿ ಕಾಲಂಗೆ ಇನ್ನೊಂದು ಷರತ್ತು ಸೇರಿಸಿ. ಆದರೆ ಎನ್‌ಆರ್‌ಒ, ಎನ್‌ಆರ್‌ಇ ಎರಡನ್ನೂ ಒಂದೇ ಸೂತ್ರದಲ್ಲಿ ಷರತ್ತಾಗಿ ಹಾಕಿದರೆ ಸೊನ್ನೆ ಬರುತ್ತದೆ. ಎಲ್ಲ ಷರತ್ತುಗಳೂ ಒಟ್ಟಿಗೆ ಪೂರೈಸಬೇಕು ಎಂಬುದು ಸಮ್‌ಇಫ್ಸ್ ನಿಯಮ, ಒಂದೇ ಸಾಲು ಎರಡು ಖಾತೆಗೆ ಸೇರಿರಲು ಸಾಧ್ಯವಿಲ್ಲವಲ್ಲ. ಎರಡು ಸಮ್‌ಇಫ್ಸ್ ಬರೆದು ಕೂಡಿಸಿ.

ಈಗ ನಮ್ಮಂಥವರಿಗೇ ಇರುವ ಒಂದು ಅಪಾಯ. ಭಾರತದ ಸ್ಟೇಟ್‌ಮೆಂಟ್‌ನಲ್ಲಿ ದಿನ ಮೊದಲು, ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ತಿಂಗಳು ಮೊದಲು. 30/06/2024 ಅನ್ನು ಎಕ್ಸೆಲ್ ದಿನಾಂಕ ಎಂದೇ ಒಪ್ಪುವುದಿಲ್ಲ, ಬರೀ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಸಮ್‌ಇಫ್ಸ್ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. 01/12/2024 ಆದರೆ ಜನವರಿ 12 ಆಗಿಬಿಡುತ್ತದೆ. ಕ್ಯಾಲೆಂಡರ್ ವರ್ಷದ ಮೊತ್ತ ಇದರಿಂದ ಕೆಡುವುದಿಲ್ಲ, ಆದರೆ ಏಪ್ರಿಲ್-ಮಾರ್ಚ್ ಲೆಕ್ಕ ಕೆಡುತ್ತದೆ.

ಪತ್ತೆ ಹಚ್ಚಲು =ಕೌಂಟ್‌ಎ(ಎ2:ಎ60)-ಕೌಂಟ್(ಎ2:ಎ60) ಎಂದು ಹಾಕಿ. ಸೊನ್ನೆಗಿಂತ ಹೆಚ್ಚು ಬಂದರೆ ಅಷ್ಟು ದಿನಾಂಕಗಳು ಪಠ್ಯವಾಗಿವೆ. ಆಗ ಕಂಡ ಸಾಲುಗಳನ್ನಷ್ಟೇ ತಿದ್ದಬೇಡಿ, ಅದಲುಬದಲಾದವು ಹಾಗೇ ಉಳಿಯುತ್ತವೆ. ಫೈಲನ್ನು ಮತ್ತೆ ಇಂಪೋರ್ಟ್ ಮಾಡಿ, ದಿನಾಂಕದ ಕಾಲಂಗೆ "ಡಿಎಂವೈ" ಆಯ್ಕೆ ಮಾಡಿ.

ಕೊನೆಯ ಪರೀಕ್ಷೆ ಕೌಂಟ್‌ಇಫ್ಸ್‌ನದು. ಮೇಲಿನ ಸೂತ್ರದಲ್ಲಿ ಡಿ ಕಾಲಂ ತೆಗೆದು, ಉಳಿದ ಷರತ್ತುಗಳನ್ನು ಹಾಗೆಯೇ ಬಿಡಿ:

=ಕೌಂಟ್‌ಇಫ್ಸ್(ಸಿ2:ಸಿ60, "ಬಡ್ಡಿ", ಎ2:ಎ60, ">="&ಎಫ್1, ಎ2:ಎ60, "<"&ಎಫ್2)

ಮೂರು ತಿಂಗಳಿಗೊಮ್ಮೆ ಬರುವ ಎನ್‌ಆರ್‌ಒ ಬಡ್ಡಿ 4, ಎನ್‌ಆರ್‌ಇ ಠೇವಣಿಯದು 1, ಒಟ್ಟು 5 ಬರಬೇಕು. 4 ಬಂದರೆ ಯಾವುದೋ ಸಾಲು ತಪ್ಪಿಸಿಕೊಂಡಿದೆ. "ಬಡ್ಡಿ" ಪದದ ಹಿಂದೆ ಒಂದು ಖಾಲಿ ಜಾಗ ಸೇರಿಕೊಂಡಿದ್ದರೂ ಹೀಗಾಗುತ್ತದೆ. ನನ್ನ ಹಳೆಯ ಫೈಲಿಗೆ ಇದೇ ಎಣಿಕೆ ಹಾಕಿ ನೋಡಿದ್ದರೆ, ಎನ್‌ಆರ್‌ಇ ಸಾಲು ಇಲ್ಲ ಎಂಬುದು ರಿಟರ್ನ್ ಕಳಿಸುವ ಮೊದಲೇ ಗೊತ್ತಾಗುತ್ತಿತ್ತು.

ರೂಪಾಯಿ ಮೊತ್ತ ಮತ್ತು ಎಣಿಕೆ ಎರಡೂ ತಾಳೆಯಾದ ಮೇಲೆ ಡಾಲರ್‌ಗೆ ಪರಿವರ್ತಿಸಿ. ಬಾಕಿ ಟ್ಯಾಕ್ಸ್ ಪ್ರಶ್ನೆಗಳಿಗೆ ನಿಮ್ಮ ಸಿಪಿಎ ಅವರನ್ನು ಕೇಳಿ. ಈ ಶೀಟನ್ನೂ ಅವರಿಗೆ ಕಳಿಸಿದರೆ ಇಬ್ಬರ ಕೆಲಸವೂ ಹಗುರಾಗುತ್ತದೆ.