ಭ್ರೂಣಸ್ತರಗಳ ಸಿದ್ಧಾಂತವೂ ಬೆನ್ನುಹುರಿಯ ಜನಕಕೋಶಗಳೂ

ಪ್ರಾಣಿಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಭ್ರೂಣದ ಬೆಳವಣಿಗೆಯ ಅಧ್ಯಾಯವು ಸಾಮಾನ್ಯವಾಗಿ ಮೂರು ಸ್ತರಗಳಿಂದ ಆರಂಭವಾಗುತ್ತದೆ. ಹೊರಸ್ತರದಿಂದ ಚರ್ಮವೂ ನರಮಂಡಲವೂ, ಮಧ್ಯಸ್ತರದಿಂದ ಎಲುಬು, ಮಾಂಸಖಂಡ, ರಕ್ತ ಮೊದಲಾದುವೂ, ಒಳಸ್ತರದಿಂದ ಕರುಳಿನ ಒಳಪದರವೂ ಹುಟ್ಟುತ್ತವೆಂದು ವಿದ್ಯಾರ್ಥಿಗಳು ಕಂಠಸ್ಥ ಮಾಡುತ್ತಾರೆ. ಈ ವಿಭಾಗಕ್ರಮಕ್ಕೂ ಒಂದು ಚರಿತ್ರೆಯುಂಟು. 1817ರಲ್ಲಿ ಕ್ರಿಶ್ಚಿಯನ್ ಪಾಂಡರ್ ಕೋಳಿಯ ಭ್ರೂಣದಲ್ಲಿ ಸ್ತರಗಳನ್ನು ಗುರುತಿಸಿದರು. 1828ರಲ್ಲಿ ಫಾನ್ ಬೇರ್ ಆ ತತ್ತ್ವವನ್ನು ಇತರ ಕಶೇರುಕಗಳಿಗೆ ವಿಸ್ತರಿಸಿದರು. 1870ರ ದಶಕದಲ್ಲಿ ಹೆಕೆಲ್ ಅದನ್ನು ಬಹುಕೋಶ ಪ್ರಾಣಿವರ್ಗಕ್ಕೆಲ್ಲ ಅನ್ವಯಿಸಿದರು. ಹೀಗೆ ಒಂದು ವರ್ಣನೆಯಾಗಿ ಹುಟ್ಟಿದುದು ಕಾಲಕ್ರಮದಲ್ಲಿ ನಿಯಮವಾಯಿತು. ಸ್ತರಗಳು ಒಮ್ಮೆ ಬೇರ್ಪಟ್ಟ ಬಳಿಕ ನರದ ವಂಶವೂ ಮಾಂಸದ ವಂಶವೂ ಮತ್ತೆ ಕೂಡುವುದಿಲ್ಲವೆಂಬುದೇ ಆ ನಿಯಮದ ತಿರುಳು.

ಮೆದುಳಿನ ಮಟ್ಟಿಗೆ ಈ ಮಾತು ಬಹುಪಾಲು ನಿಲ್ಲುತ್ತದೆ. ಬೆನ್ನುಹುರಿಯ ಮಟ್ಟಿಗೆ ನಿಲ್ಲುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಶೇರುಕಗಳ ಶರೀರವು ತಲೆಯಿಂದ ಬಾಲದವರೆಗೆ ಏಕಕಾಲದಲ್ಲಿ ರೂಪುಗೊಳ್ಳುವುದಿಲ್ಲ. ತಲೆಯ ಭಾಗ ಮೊದಲು ಸಿದ್ಧವಾಗುತ್ತದೆ. ಮುಂಡವೂ ಬಾಲವೂ ಹಿಂತುದಿಯಲ್ಲಿರುವ ಒಂದು ಸಣ್ಣ ಕೋಶಸಮೂಹದಿಂದ ಹಂತಹಂತವಾಗಿ ನೀಳುತ್ತ ಹೋಗುತ್ತವೆ. ಇಲಿಯ ಭ್ರೂಣದಲ್ಲಿ ಈ ಕಾರ್ಯವು ಗರ್ಭದ ಸುಮಾರು 8ನೆಯ ದಿನದಿಂದ 13ನೆಯ ದಿನದವರೆಗೆ ನಡೆಯುತ್ತದೆ. ಆ ಸಮೂಹದಲ್ಲಿ ನರಕ್ಕೆ ಮೀಸಲಾದ ಕೋಶಗಳೂ ಮಧ್ಯಸ್ತರಕ್ಕೆ ಮೀಸಲಾದ ಕೋಶಗಳೂ ಬೆರೆತಿವೆಯೋ, ಅಥವಾ ಒಂದೇ ಕೋಶದಿಂದ ಎರಡೂ ಹುಟ್ಟುತ್ತವೆಯೋ ಎಂಬುದು ಬಹುಕಾಲದ ಪ್ರಶ್ನೆಯಾಗಿತ್ತು.

2009ರಲ್ಲಿ ಎಲೆನಾ ಜುವಾನಾಕು ಮತ್ತು ಸಹೋದ್ಯೋಗಿಗಳು ಇದಕ್ಕೆ ಕಂಡುಕೊಂಡ ಮಾರ್ಗವು ಚರಿತ್ರಕಾರರಾದ ನಮಗೆ ಅಪರಿಚಿತವಲ್ಲ; ಅದು ವಂಶಾವಳಿಯ ಮಾರ್ಗ. ಅವರು ಬಳಸಿದ ಇಲಿಗಳ ಕೋಶಗಳಲ್ಲಿ ಕೆಲಸಮಾಡದಂತೆ ಕೆಡಿಸಿಟ್ಟ ಒಂದು ವಂಶವಾಹಿಯಿತ್ತು. ಅತಿ ವಿರಳವಾಗಿ, ಯಾವುದೋ ಒಂದು ಕೋಶದಲ್ಲಿ ಅದು ತಾನಾಗಿಯೇ ಸರಿಯಾಗುತ್ತದೆ. ಆಗ ಆ ಕೋಶದ ಸಂತತಿಯೆಲ್ಲವೂ ಬಣ್ಣ ಹಾಕಿದಾಗ ನೀಲಿಯಾಗಿ ಕಾಣುತ್ತದೆ. ಸಂತತಿ ಎಲ್ಲೆಲ್ಲಿ ನೆಲೆಸಿದೆಯೆಂಬುದರಿಂದ ಮೂಲಪುರುಷನ ಸ್ವರೂಪವನ್ನು ಹಿಂದಕ್ಕೆ ಊಹಿಸಬಹುದು. ಅನೇಕ ಭ್ರೂಣಗಳಲ್ಲಿ ಒಂದೇ ಕೋಶದ ಸಂತತಿಯು ಬೆನ್ನುಹುರಿಯಲ್ಲಿಯೂ ಪಕ್ಕದ ಮಧ್ಯಸ್ತರದಲ್ಲಿಯೂ ಕಂಡುಬಂದಿತು. ಎರಡು ಶಾಖೆಗಳು ಕವಲೊಡೆದ ಕಾಲವು ಪಠ್ಯಪುಸ್ತಕ ಹೇಳುವುದಕ್ಕಿಂತ ಬಹಳ ಈಚಿನದೆಂದು ಇದರಿಂದ ಸಿದ್ಧವಾಯಿತು.

ಹಾಗಾದರೆ ಕವಲು ಒಡೆಯುವುದು ಹೇಗೆ? ‘ಆಯ್ಕೆ’ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು, ಕೋಶಕ್ಕೆ ಇಚ್ಛೆಯೆಂಬುದಿಲ್ಲ. ಈ ಜನಕಕೋಶಗಳಲ್ಲಿ ಎರಡು ವಂಶವಾಹಿಗಳು ಒಟ್ಟಿಗೆ ಕೆಲಸಮಾಡುತ್ತಿರುತ್ತವೆ. ಒಂದು ನರದ ಕಡೆಗೆ ಒಯ್ಯುವ ‘ಸಾಕ್ಸ್-2’. ಇನ್ನೊಂದು ಮಧ್ಯಸ್ತರದ ಕಡೆಗೆ ಒಯ್ಯುವ ‘ಬ್ರಾಕ್ಯುರಿ’. ಮೋಟುಬಾಲದ ಇಲಿಗಳಲ್ಲಿ ಇದರ ದೋಷವನ್ನು 1927ರಲ್ಲಿ ವರ್ಣಿಸಿದವರು ಪ್ಯಾರಿಸಿನಲ್ಲಿದ್ದ ನದೇಜ್ದಾ ದೊಬ್ರೊವೊಲ್ಸ್ಕಾಯಾ-ಜವಾದ್ಸ್ಕಾಯಾ. ನೆರೆಯಿಂದ ಬರುವ ‘ವಿಂಟ್’ ಎಂಬ ರಾಸಾಯನಿಕ ಸಂಕೇತವು ಪ್ರಬಲವಾಗಿದ್ದಲ್ಲಿ ‘ಟಿಬಿಎಕ್ಸ್-6’ ಎಂಬ ಮೂರನೆಯ ವಂಶವಾಹಿಯು ಜಾಗೃತವಾಗಿ ಸಾಕ್ಸ್-2ನ್ನು ಅಡಗಿಸುತ್ತದೆ, ಕೋಶವು ಮಧ್ಯಸ್ತರವಾಗುತ್ತದೆ. ಟಿಬಿಎಕ್ಸ್-6 ಏಳದಿದ್ದಲ್ಲಿ ಸಾಕ್ಸ್-2 ಉಳಿದು ನರವಾಗುತ್ತದೆ.

ಇದಕ್ಕೆ ಆಧಾರವಾದ ಪ್ರಯೋಗವು ವಿಸ್ಮಯಕರವಾದುದು. 1998ರಲ್ಲಿ ಚಾಪ್‌ಮನ್ ಮತ್ತು ಪಾಪಯೋನು ಅವರು ಟಿಬಿಎಕ್ಸ್-6 ಕೆಟ್ಟ ಇಲಿಯ ಭ್ರೂಣವನ್ನು ಅಡ್ಡಲಾಗಿ ಸೀಳಿ ನೋಡಿದಾಗ ಒಂದು ನರನಾಳವಿರಬೇಕಾದಲ್ಲಿ ಮೂರು ಕಂಡವು. ಕುತ್ತಿಗೆಯಿಂದ ಹಿಂದಕ್ಕೆ, ಕಶೇರುಮಣಿಗಳಿಗೂ ಮಾಂಸಖಂಡಗಳಿಗೂ ಮೂಲವಾಗಬೇಕಾದ ಎಡಬಲದ ಕೋಶಗಳೇ ನರನಾಳಗಳಾಗಿಬಿಟ್ಟಿದ್ದವು. ಮಧ್ಯಸ್ತರ ಇಲ್ಲವಾಗಿರಲಿಲ್ಲ, ನರವಾಗಿ ಮಾರ್ಪಟ್ಟಿತ್ತು ಎಂಬುದನ್ನು ವಾಚಕರು ಗಮನಿಸಬೇಕು. 2011ರಲ್ಲಿ ತಾಕೆಮೊತೊ ಮತ್ತು ಸಂಗಡಿಗರು ಅಂಥ ಭ್ರೂಣಗಳಲ್ಲಿಯೇ ಸಾಕ್ಸ್-2ನ್ನು ಆ ಭಾಗದಲ್ಲಿ ಎಚ್ಚರಿಸುವ ನಿಯಂತ್ರಣಭಾಗವನ್ನೂ ತೆಗೆದುಹಾಕಿದರು. ಹೆಚ್ಚಿನ ನರನಾಳಗಳು ಹುಟ್ಟಲಿಲ್ಲ. ಕಾರಣಕಾರ್ಯಸಂಬಂಧಕ್ಕೆ ಇದಕ್ಕಿಂತ ನೇರವಾದ ಪ್ರಮಾಣವನ್ನು ಚರಿತ್ರಕಾರರು ಬಯಸಿದರೂ ಪಡೆಯಲಾರರು.

ಮನುಷ್ಯರಲ್ಲಿಯೂ ಈ ವಂಶವಾಹಿಗೆ ಮಹತ್ತ್ವವಿದೆ. ಹುಟ್ಟಿನಿಂದಲೇ ಬೆನ್ನೆಲುಬು ಡೊಂಕಾದ ಕೆಲವರಲ್ಲಿ ಟಿಬಿಎಕ್ಸ್-6ರ ಒಂದು ಪ್ರತಿ ನಷ್ಟವಾಗಿ ಇನ್ನೊಂದು ದುರ್ಬಲವಾಗಿರುವುದನ್ನು ಚೀನಾದ ರೋಗಿಗಳಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟಿಸಿತು.

ಪ್ರಯೋಗಶಾಲೆಯ ಕೆಲಸಕ್ಕೂ ಈ ಕವಲಿನ ತಿಳಿವಳಿಕೆ ಅವಶ್ಯವಾಯಿತು. ಭ್ರೂಣದ ಆಕರಕೋಶಗಳನ್ನು ನೇರವಾಗಿ ನರವಾಗಿಸಿದಾಗ ಅವು ಹಿಮ್ಮೆದುಳಿನ ಲಕ್ಷಣದಲ್ಲಿಯೇ ನಿಲ್ಲುತ್ತಿದ್ದವು. 2014ರಲ್ಲಿ ಗೌಟಿ ಮತ್ತು ಸಹೋದ್ಯೋಗಿಗಳು ಅವುಗಳನ್ನು ಮೊದಲು ಈ ಎರಡು ಕವಲಿನ ಸ್ಥಿತಿಗೆ ತಂದು, ಅಲ್ಲಿಂದ ನರದ ಕಡೆಗೆ ತಿರುಗಿಸಿದರು. ಆಗ ದೊರೆತುವು ಬೆನ್ನುಹುರಿಯ ಕೋಶಗಳು.