ಉಪಗ್ರಹ ಬಾನುಲಿಯು ಚಿತ್ರವನ್ನೂ ತರಬಲ್ಲುದೇ?

ತುಂಗಭದ್ರೆಯ ದಂಡೆಯ ಮೇಲಿರುವ ಮಾಗಳ ಗ್ರಾಮವು ಹೂವಿನಹಡಗಲಿ ತಾಲ್ಲೂಕಿಗೆ ಸೇರಿದುದು. ಅಲ್ಲಿನ ವಿದ್ಯಾರ್ಥಿಯೊಬ್ಬನು ಮನೆಯ ಮಾಳಿಗೆಯನ್ನೇರಿ, ಪೂರ್ವದಿಂದ ತುಸು ದಕ್ಷಿಣಕ್ಕೆ ಹೊರಳಿ, ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರಕ್ಕೆ ದೃಷ್ಟಿ ನೆಟ್ಟನೆನ್ನೋಣ. ಕಣ್ಣಿಗೆ ಕಾಣುವುದು ಬರಿಯ ಆಕಾಶ. ಆದರೆ 2009ನೆಯ ಇಸವಿಯ ಕೊನೆಯವರೆಗೆ ಆ ದಿಕ್ಕಿನಿಂದಲೇ ಕನ್ನಡದ ಹಾಡು ಇಳಿದುಬರುತ್ತಿತ್ತು. ಅದನ್ನು ಕಳುಹಿಸುತ್ತಿದ್ದುದು, ಸಮಭಾಜಕವೃತ್ತದ ಮೇಲೆ 36,000 ಕಿಲೋಮೀಟರು ಎತ್ತರದಲ್ಲಿದ್ದ ಏಷಿಯಾಸ್ಟಾರ್ ಎಂಬ ಉಪಗ್ರಹ.

ವರ್ಲ್ಡ್‌ಸ್ಪೇಸ್ ಸಂಸ್ಥೆಯ ಈ ಉಪಗ್ರಹವು 2000ದ ಮಾರ್ಚ್ 21ರಂದು ಏರಿಯಾನ್ ರಾಕೆಟ್ಟಿನ ಮೇಲೆ ಗಗನಕ್ಕೇರಿತು. ಅದೇ ರಾಕೆಟ್ಟಿನಲ್ಲಿ ನಮ್ಮ ದೇಶದ ಇನ್ಸಾಟ್-3ಬಿ ಉಪಗ್ರಹವೂ ಸಹಪ್ರಯಾಣಿಕನಾಗಿತ್ತು. ವರ್ಲ್ಡ್‌ಸ್ಪೇಸಿನ ಕನ್ನಡ ವಾಹಿನಿಯ ಹೆಸರು 'ಸ್ಪರ್ಶ'. ಅಂಗೈಯಗಲದ ಆಂಟೆನವನ್ನು ಉಪಗ್ರಹದ ಕಡೆಗೆ ತಿರುಗಿಸಿಟ್ಟರೆ ಸಾಕು, ಹಳ್ಳಿಯಲ್ಲಿಯೂ ನಗರದಲ್ಲಿಯೂ ಒಂದೇ ಬಗೆಯ ನಿರ್ಮಲವಾದ ಧ್ವನಿ ಕೇಳಿಬರುತ್ತಿತ್ತು.

ಧ್ವನಿಯನ್ನು ತಂದ ಈ ಏರ್ಪಾಡು ಚಿತ್ರವನ್ನೇಕೆ ತರಬಾರದು? ಪ್ರಶ್ನೆ ಸಹಜವಾದುದು. ಪಾಠವನ್ನು ಕೇಳುವುದಕ್ಕೂ ಕಪ್ಪುಹಲಗೆಯ ಮೇಲಿನ ಆಕೃತಿಯನ್ನು ಕಂಡು ತಿಳಿಯುವುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಬಲ್ಲರು. ಉತ್ತರಕ್ಕಾಗಿ ಸ್ವಲ್ಪ ಲೆಕ್ಕ ಮಾಡೋಣ.

ಧ್ವನಿಯಾಗಲಿ ಚಿತ್ರವಾಗಲಿ ಉಪಗ್ರಹದಿಂದ ಬರುವುದು ಸೊನ್ನೆ ಮತ್ತು ಒಂದು ಎಂಬ ಅಂಕಿಗಳ ಸಾಲಾಗಿ. ಇಂಥ ಒಂದೊಂದು ಅಂಕಿಗೂ ಬಿಟ್ ಎಂದು ಹೆಸರು. ಏಷಿಯಾಸ್ಟಾರ್‌ನ ಒಂದು ವಾಹಕ ತರಂಗದಲ್ಲಿ 96 ಪಾಲುಗಳಿದ್ದುವು; ಪಾಲೊಂದಕ್ಕೆ ಸೆಕೆಂಡಿಗೆ 16,000 ಬಿಟ್. ಎಲ್ಲವೂ ಸೇರಿ ಸೆಕೆಂಡಿಗೆ 15,36,000 ಬಿಟ್. ಮಾತಿಗೆ ಒಂದು ಪಾಲು ಸಾಕು; ಒಳ್ಳೆಯ ಸಂಗೀತಕ್ಕೆ ನಾಲ್ಕು ಪಾಲು ಬೇಕು. ಆದುದರಿಂದ ಒಂದು ವಾಹಕದಲ್ಲಿ 24 ಸಂಗೀತ ಕಾರ್ಯಕ್ರಮಗಳು ಏಕಕಾಲದಲ್ಲಿ ಸಾಗಬಹುದಾಗಿತ್ತು.

ಈಗ ಚಿತ್ರವನ್ನು ನೋಡೋಣ. ಸಾಧಾರಣ ಟೆಲಿವಿಷನ್ ಚಿತ್ರವೊಂದರಲ್ಲಿ 720 ಕಂಬಸಾಲು, 576 ಅಡ್ಡಸಾಲುಗಳ ಚುಕ್ಕೆಗಳಿರುತ್ತವೆ. ಅಂದರೆ ನಾಲ್ಕು ಲಕ್ಷಕ್ಕೂ ಹೆಚ್ಚು. ಚುಕ್ಕೆಗೆ 16 ಬಿಟ್‌ಗಳಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಗುಣಿಸಿದರೆ 16 ಕೋಟಿ ಬಿಟ್‌ಗಳನ್ನೂ ಮೀರುತ್ತದೆ! ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸುವುದೇ ಮೊದಲಾದ ಉಪಾಯಗಳಿಂದ ಇದನ್ನು ಬಹಳವಾಗಿ ಕುಗ್ಗಿಸಬಹುದು. ಆದರೂ ಆ ಕಾಲದ ವಿಧಾನದಲ್ಲಿ 30–40 ಲಕ್ಷ ಬಿಟ್ ಬೇಕಾಗುತ್ತಿತ್ತು. ಜೋಳದ ಹೊಲಕ್ಕೆ ಸಾಕಾಗುವ ಕಾಲುವೆ ಬತ್ತದ ಗದ್ದೆಗೆ ಸಾಲದು.

ಹಾಗಾದರೆ ಚಿತ್ರವನ್ನೇ ಚಿಕ್ಕದು ಮಾಡಿದರೆ? ಅಂಗೈಯಲ್ಲಿ ಹಿಡಿಯುವ ಪರದೆಗೆ ಸುಮಾರು ಮೂರು ಲಕ್ಷ ಬಿಟ್ ಸಾಕು. ಅದು 20 ಪಾಲು. ಎಂದರೆ ಐದು ಸಂಗೀತ ಕಾರ್ಯಕ್ರಮಗಳ ಸ್ಥಳ. ಕಾಲುವೆಯನ್ನೇ ಅಗಲಿಸಲು ಹೆಚ್ಚು ಶಕ್ತಿಯ ಸಂಜ್ಞೆ ಬೇಕು. ಇಲ್ಲವೇ ನೆಲದ ಮೇಲೆ ದೊಡ್ಡ ಆಂಟೆನ ಬೇಕು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ರಾಯಚೂರು, ಗುಲಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಎಟಿಎಸ್-6 ಉಪಗ್ರಹವು ಚಿತ್ರವನ್ನು ತಲುಪಿಸಿತು. ಆದರೆ ಅಲ್ಲಿ ಜಾಲರಿಯ ಆಂಟೆನದ ಅಗಲ ಮೂರು ಮೀಟರು!

ಹೊರದೇಶಗಳಲ್ಲಿ ಈ ಪ್ರಯತ್ನ ನಡೆಯದೆ ಇರಲಿಲ್ಲ. ಅಮೆರಿಕದ ಸಿರಿಯಸ್ ಉಪಗ್ರಹ ಬಾನುಲಿಯು 2007ರಲ್ಲಿ ಕಾರುಗಳ ಹಿಂದಿನ ಆಸನದ ಮಕ್ಕಳಿಗಾಗಿ ಮೂರು ಚಿತ್ರವಾಹಿನಿಗಳನ್ನು ಆರಂಭಿಸಿತು. ಜಪಾನ್ ಮತ್ತು ಕೊರಿಯಗಳು 2004ರಲ್ಲಿ ಹಾರಿಸಿದ ಉಪಗ್ರಹವೊಂದು ಕೈಫೋನುಗಳಿಗೇ ಚಿತ್ರವನ್ನು ಕಳುಹಿಸಿತು; ಕಟ್ಟಡಗಳ ಮರೆಯಲ್ಲಿ ಸಂಜ್ಞೆಯನ್ನು ಮುಟ್ಟಿಸಲು ನಗರಗಳ ತುಂಬ ಸಹಾಯಕ ಪ್ರೇಷಕಗಳನ್ನು ನಿಲ್ಲಿಸಬೇಕಾಯಿತು. ಕೊರಿಯದಲ್ಲಿ ನೆಲದ ಮೇಲಿನ ಪ್ರೇಷಕಗಳಿಂದಲೇ ಉಚಿತವಾಗಿ ಚಿತ್ರ ಬರತೊಡಗಿತು. ಹಣ ತೆತ್ತು ನೋಡುವವರು ಸಾಲದಾದರು. ಜಪಾನಿನ ಸೇವೆ 2009ರಲ್ಲಿಯೂ ಕೊರಿಯದ್ದು 2012ರಲ್ಲಿಯೂ ನಿಂತುವು. ವರ್ಲ್ಡ್‌ಸ್ಪೇಸ್ 2008ರಲ್ಲಿ ದಿವಾಳಿಯಾಗಿ, 2009ರ ಡಿಸೆಂಬರ್ 31ರಂದು ಭಾರತದಲ್ಲಿ ಮೌನ ತಾಳಿತು.

ಆದುದರಿಂದ ವಿಜ್ಞಾನವು 'ಸಾಧ್ಯ' ಎನ್ನುತ್ತದೆ. ಲೆಕ್ಕದ ಪುಸ್ತಕವು 'ದುಬಾರಿ' ಎನ್ನುತ್ತದೆ. ಆದರೆ ವಿಚಾರ ಇಲ್ಲಿಗೇ ಮುಗಿಯಲಿಲ್ಲ. ಪಾಠಕ್ಕೆ ಚಲಿಸುವ ಚಿತ್ರವೇ ಸದಾ ಬೇಕೆ? ಹೃದಯದ ರಚನೆಯನ್ನೋ ನದೀಪಾತ್ರದ ನಕ್ಷೆಯನ್ನೋ ತೋರುವ ಒಂದು ಸ್ಥಿರಚಿತ್ರಕ್ಕೆ 3,20,000 ಬಿಟ್ ಹಿಡಿಯಿತೆನ್ನೋಣ. ಒಂದೇ ಒಂದು ಪಾಲಿನಲ್ಲಿ ಅದು 20 ಸೆಕೆಂಡುಗಳಲ್ಲಿ ಬಂದಿಳಿಯುತ್ತದೆ. ಪಕ್ಕದ ಪಾಲಿನಲ್ಲಿ ಉಪಾಧ್ಯಾಯರ ಮಾತು. ಎರಡೇ ಪಾಲುಗಳಲ್ಲಿ ಸಚಿತ್ರ ಪಾಠ! ಗಣಕಯಂತ್ರಗಳಿಗೆ ಇಂಥ ಮಾಹಿತಿಯನ್ನು ಕಳುಹಿಸುವ ಸೌಕರ್ಯ ವರ್ಲ್ಡ್‌ಸ್ಪೇಸ್‌ನಲ್ಲಿಯೂ ಇತ್ತು.

ಧ್ವನಿಗೆ ಬೇಕಾಗುವ ಸ್ಥಳ ಅಲ್ಪ. ಈ ಅಲ್ಪತೆಯೇ ಅದರ ಹಿರಿಮೆ. ಸೈಟ್ ಪ್ರಯೋಗದಲ್ಲಿ ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಜೋಡಿಸಿ, ಕರ್ನಾಟಕಕ್ಕೆ ಕನ್ನಡದಲ್ಲಿಯೂ ಆಂಧ್ರಕ್ಕೆ ತೆಲುಗಿನಲ್ಲಿಯೂ ಕೇಳಿಸಿದರು. ಚಿತ್ರವನ್ನು ದೂರದೂರಿನವರೊಡನೆ ಹಂಚಿಕೊಳ್ಳಬಹುದು. ತಿಳಿಯಬೇಕಾದ ಮಾತು ಮಾತ್ರ ಕೇಳುವವನ ನುಡಿಯಲ್ಲಿಯೇ ಬರಬೇಕು. ಮಾಗಳದ ಮಾಳಿಗೆಯ ಮೇಲೆ ನಿಂತ ವಿದ್ಯಾರ್ಥಿಗೆ ಆಕಾಶದಿಂದ ಏನು ಬರಬೇಕೆಂದು ಯೋಜಿಸುವವರು ಈ ಲೆಕ್ಕವನ್ನು ಮರೆಯಬಾರದು.