ಸಾಲ ತೀರಿಸಿ ಋಣ ಉಳಿಸಿಕೊಳ್ಳುವವರು

ನೈಜೀರಿಯಾ ದೇಶದ ಆಗ್ನೇಯ ಭಾಗದಲ್ಲಿ, ನೈಜರ್ ಮಹಾನದಿಯ ಪೂರ್ವದ ದಡದಿಂದಾಚೆಗೆ ಹಬ್ಬಿಕೊಂಡಿರುವ ಇಗ್ಬೋ ಜನರ ಭಾಷೆಯಲ್ಲಿ ‘ಉಗ್ವೊ’ ಎಂಬುದೊಂದು ಶಬ್ದವುಂಟು. ಸಾಲವೆಂಬುದು ಅದರ ಅರ್ಥ. ಆದರೆ ದುಡಿದವನಿಗೆ ಸಲ್ಲುವ ಕೂಲಿಯನ್ನೂ ಅವರು ‘ಉಗ್ವೊ ಓರು’, ಅಂದರೆ ಕೆಲಸದ ಸಾಲ, ಎಂದೇ ಕರೆಯುತ್ತಾರೆ. ಮಕ್ಕಳ ಶಾಲೆಗೆ ಕಟ್ಟುವ ಶುಲ್ಕವೂ ಅವರಿಗೆ ‘ಉಗ್ವೊ ಅಕ್ವುಕ್ವೊ’, ಪುಸ್ತಕದ ಸಾಲ. ದುಡಿಸಿಕೊಂಡವನು ಕೊಡುವ ಹಣ ಕೃಪೆಯೆಂದು ಎಣಿಸತಕ್ಕದ್ದಲ್ಲ, ಅವನು ತನ್ನ ತಲೆಯ ಮೇಲಣ ಹೊರೆಯನ್ನು ಇಳಿಸಿಕೊಳ್ಳುತ್ತಿದ್ದಾನೆ ಎಂಬ ತಿಳಿವಳಿಕೆ ಈ ಒಂದು ಮಾತಿನಲ್ಲಿ ಅಡಗಿದೆ. ಕನ್ನಡದಲ್ಲಿ ನಾವು ಸಾಲವನ್ನೂ ಋಣವನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದೇವೆ: ಸಾಲವನ್ನು ಬಡ್ಡಿಸಹಿತವಾಗಿ ಎಣಿಸಿಕೊಟ್ಟು ಪತ್ರವನ್ನು ಹಿಂದಕ್ಕೆ ಪಡೆಯಬಹುದು, ಹೆತ್ತವರ, ವಿದ್ಯೆ ಕಲಿಸಿದವರ, ಅನ್ನವಿಕ್ಕಿದವರ ಋಣವನ್ನು ಹಾಗೆ ಎಣಿಸಿಕೊಡುವುದು ಆಗುವ ಮಾತಲ್ಲ. ಸಾಲದಿಂದ ಆದಷ್ಟು ಬೇಗನೆ ಬಿಡುಗಡೆ ಹೊಂದಬೇಕು, ಋಣವನ್ನು ಮಾತ್ರ ಬಾಳಿನ ಕೊನೆಯವರೆಗೂ ಮಾನದಿಂದ ಹೊರಬೇಕು ಎಂಬುದೇ ಇಗ್ಬೋ ಜನರು ಬಯಸುವ ಆರ್ಥಿಕ ಸ್ವಾತಂತ್ರ್ಯದ ಒಳತಿರುಳೆಂದು ನನಗೆ ತೋರುತ್ತದೆ.

ಈ ಸ್ವಾತಂತ್ರ್ಯದ ಮೊದಲ ಪಾಠ ನಡೆಯುವುದು ಅಂಗಡಿಯಲ್ಲಿ. ‘ಇಗ್ಬಾ ಬೋಯಿ’ ಎಂಬ ಹೆಸರಿನ ಒಂದು ಪದ್ಧತಿ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹಳ್ಳಿಯ ಬಡಕುಟುಂಬದ ಹುಡುಗನೊಬ್ಬನನ್ನು, ಹದಿಮೂರೋ ಹದಿನಾಲ್ಕೋ ವರ್ಷ ತುಂಬಿದಾಗ, ಒನಿಟ್ಷಾದಲ್ಲೋ, ಆಬಾದಲ್ಲೋ, ದೂರದ ಲಾಗೋಸಿನಲ್ಲೋ ವ್ಯಾಪಾರ ಮಾಡಿಕೊಂಡಿರುವ ಬಂಧುವಿನ ಅಥವಾ ಊರಿನವನ ವಶಕ್ಕೆ, ಹಿರಿಯರ ಸಮಕ್ಷಮದಲ್ಲಿ ಮಾತನ್ನು ಗೊತ್ತುಮಾಡಿಕೊಂಡು, ಒಪ್ಪಿಸುವರು. ಯಜಮಾನನನ್ನು ‘ಓಗಾ’ ಎಂದು ಕರೆಯುವುದು ವಾಡಿಕೆ. ಐದು, ಆರು, ಕೆಲವು ಕಡೆ ಏಳೆಂಟು ವರ್ಷಗಳ ಕಾಲ ಹುಡುಗನು ಸಂಬಳವಿಲ್ಲದೆ ದುಡಿಯಬೇಕು. ಅವನ ಊಟ, ಬಟ್ಟೆ, ವಸತಿ ಓಗಾನ ಹೊಣೆ. ಅವಧಿ ಮುಗಿದ ದಿನ ಓಗಾನು ಅವನಿಗೆ ಬಂಡವಾಳವನ್ನು ಕೊಟ್ಟು ಸ್ವತಂತ್ರ ವ್ಯಾಪಾರಕ್ಕೆ ನಿಲ್ಲಿಸಬೇಕು. ಈ ಬಂಡವಾಳಕ್ಕೆ ‘ಸೆಟಲ್‌ಮೆಂಟ್’ ಎಂಬ ಇಂಗ್ಲಿಷ್ ಮಾತೇ ಊರೂರಿನಲ್ಲಿ ರೂಢಿಯಾಗಿದೆ. ಆ ದಿನದ ಸಮಾರಂಭವನ್ನು ‘ಫ್ರೀಡಂ’ ಎನ್ನುವರು.

ಮೋಟಾರಿನ ಬಿಡಿಭಾಗಗಳ ವ್ಯಾಪಾರಕ್ಕೆ ದೇಶದಲ್ಲೆಲ್ಲ ಹೆಸರಾದ ನ್ನೇವಿ ಪಟ್ಟಣದ ಒಂದು ಅಂಗಡಿಯಲ್ಲಿ ಇಂಥ ಹುಡುಗನ ದಿನ ಹೇಗೆ ಸಾಗುವುದೆಂದು ನೋಡಿದರೆ ಈ ವಿದ್ಯೆಯ ಸ್ವರೂಪ ಮನಸ್ಸಿಗೆ ಬರುತ್ತದೆ. ಬೆಳಗ್ಗೆ ಓಗಾನ ಮನೆಯ ನೀರು, ಕಸ, ಮಕ್ಕಳ ಕೆಲಸ ಮುಗಿಸಿ ಬಂದು ಅಂಗಡಿಯ ಬಾಗಿಲು ತೆರೆಯುತ್ತಾನೆ. ಎಣ್ಣೆಯ ಜಿಡ್ಡು ಹತ್ತಿದ ಬೇರಿಂಗುಗಳನ್ನೂ ಪಿಸ್ಟನ್ನುಗಳನ್ನೂ ಒರಸಿ ಸಾಲಾಗಿ ಜೋಡಿಸುತ್ತಾನೆ. ಒರಸುತ್ತ ಒರಸುತ್ತ ಅವುಗಳ ಮೇಲೆ ಕೊರೆದಿರುವ ಸಂಖ್ಯೆಗಳು ಬಾಯಿಪಾಠವಾಗುತ್ತವೆ. ಎರಡನೆಯ ವರ್ಷಕ್ಕೆ, ಗಿರಾಕಿ ತಂದ ಸವೆದ ಬಿಡಿಭಾಗವನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಅದು ಯಾವ ಗಾಡಿಯದೆಂದು ಹೇಳಬಲ್ಲ. ಮೂರನೆಯ ವರ್ಷಕ್ಕೆ, ಕೇಳಿದ ಸಾಮಾನು ತಮ್ಮಲ್ಲಿಲ್ಲದಿದ್ದಾಗ ಅದು ಯಾವ ಓಣಿಯ ಯಾವ ಅಂಗಡಿಯಲ್ಲಿದೆಯೆಂದು ತಿಳಿದು ಓಡಿಹೋಗಿ ತಂದುಕೊಡಬಲ್ಲ. ಸಂಜೆ, ದಿನದ ವ್ಯಾಪಾರದ ಹಣವನ್ನು, ಅಲ್ಲಿಯ ನಾಣ್ಯವಾದ ನೈರಾ ಒಂದೂ ಬಿಡದಂತೆ, ಲೆಕ್ಕವೊಪ್ಪಿಸುತ್ತಾನೆ. ಅಂಗಡಿ ತುಂಬ ಓಡಾಡುವ ಹಣದಲ್ಲಿ ತನ್ನದೆಂಬುದು ಒಂದು ನಾಣ್ಯವೂ ಇಲ್ಲದೆ, ಐದಾರು ವರ್ಷ ಅದನ್ನು ಕೈಯಲ್ಲಿ ಹಿಡಿದು ಮತ್ತೆ ಹಿಂದಕ್ಕೆ ಕೊಡುತ್ತ ಬರುವ ಈ ಅಭ್ಯಾಸಕ್ಕಿಂತ ಕಠಿನವಾದ ಶಿಕ್ಷಣವನ್ನು ಯಾವ ವಾಣಿಜ್ಯಶಾಲೆಯೂ ಕೊಡಲಾರದು.

ಫ್ರೀಡಂ ದಿನ ಎರಡು ಮನೆಗಳ ಹಿರಿಯರು ಸೇರುತ್ತಾರೆ. ಮೊದಲು ಕೋಲಾಕಾಯಿಯನ್ನು ಒಡೆದು ಹಂಚುವುದು. ನಮ್ಮಲ್ಲಿ ವೀಳ್ಯವಿಲ್ಲದೆ ಶುಭಕಾರ್ಯ ಹೇಗೆ ಮೊದಲಾಗದೋ ಅಲ್ಲಿ ಕೋಲಾಕಾಯಿಯಿಲ್ಲದೆ ಮಾತೇ ಮೊದಲಾಗದು. ಹುಡುಗನ ನಡತೆಯನ್ನು ಓಗಾನು ಎಲ್ಲರೆದುರಿಗೆ ಹೇಳಿ, ಕೊಡುವ ಮೊತ್ತವನ್ನು ಪ್ರಕಟಿಸುತ್ತಾನೆ. ಹುಡುಗನು ಮೊಣಕಾಲೂರಿ ಆಶೀರ್ವಾದ ಪಡೆಯುತ್ತಾನೆ. ಕೆಲವರು ನಗದು ಕೊಡುವರು, ಕೆಲವರು ಅಂಗಡಿಯ ಬಾಡಿಗೆಯನ್ನು ಕಟ್ಟಿ ಸರಕನ್ನು ತುಂಬಿಕೊಡುವರು. ಆದರೆ ಇವೆರಡಕ್ಕಿಂತಲೂ ಬೆಲೆಯುಳ್ಳದ್ದು, ಸಗಟು ವ್ಯಾಪಾರಿಗಳೆದುರಿಗೆ ಓಗಾನು ಆಡುವ ‘ಇವನು ನನ್ನ ಹುಡುಗ’ ಎಂಬ ಮಾತು. ಆ ಮಾತಿನ ಬಲದ ಮೇಲೆ ಅವನಿಗೆ ಬಡ್ಡಿಯಿಲ್ಲದೆ ಸರಕು ಕಡ ಹುಟ್ಟುತ್ತದೆ. ನಾಳೆ ತನ್ನ ಓಣಿಯಲ್ಲಿಯೇ ತನಗೆ ಪ್ರತಿಸ್ಪರ್ಧಿಯಾಗಬಲ್ಲವನನ್ನು ಇಂದು ತಾನೇ ಕೈಹಿಡಿದು ನಿಲ್ಲಿಸುವ ವ್ಯಾಪಾರಿಯ ಔದಾರ್ಯ ನನ್ನನ್ನು ಬಹುವಾಗಿ ಮುಟ್ಟಿದೆ. ಹಾಗೆ ಮಾಡುವವನಿಗೆ ಅದು ಔದಾರ್ಯವೆಂದೇ ತೋರುವುದಿಲ್ಲ, ಏಕೆಂದರೆ ಅವನನ್ನೂ ಒಮ್ಮೆ ಯಾರೋ ಹಾಗೆಯೇ ನಿಲ್ಲಿಸಿದ್ದರು.

ಎಲ್ಲರಿಗೂ ಈ ಭಾಗ್ಯ ದೊರೆಯುವುದಿಲ್ಲವೆಂಬುದನ್ನು ಮರೆಮಾಡಲಾಗದು. ಅವಧಿ ಮುಗಿಯುವ ಹೊತ್ತಿಗೆ ಹುಡುಗನ ಮೇಲೆ ಕಳವಿನ ಆರೋಪ ಹೊರಿಸಿ ಬರಿಗೈಯಲ್ಲಿ ಹೊರಡಿಸುವ ಓಗಾಗಳುಂಟು. ನಂಬಿದವನ ಗಲ್ಲಾಪೆಟ್ಟಿಗೆಗೆ ಕೈಹಾಕಿದ ಹುಡುಗರೂ ಉಂಟು. ಮಾತಿನ ಮೇಲೆ ನಿಂತ ಒಪ್ಪಂದಕ್ಕೆ ಕಾಗದದ ಸಾಕ್ಷ್ಯವಿಲ್ಲದಿದ್ದಾಗ, ಏಳು ವರ್ಷಗಳ ದುಡಿಮೆಯ ಸಾಲವನ್ನು ಯಾವ ನ್ಯಾಯಸ್ಥಾನದಲ್ಲಿ ಕೇಳುವುದು? ಇತ್ತೀಚೆಗೆ ಬರಹದ ಕರಾರು ಮಾಡಿಕೊಳ್ಳುವವರು ಕಾಣಿಸುತ್ತಿರುವುದು ಈ ಕಾರಣದಿಂದಲೇ. ಅದು ಬಹಳ ಹಿಂದೆಯೇ ಆಗಬೇಕಾಗಿದ್ದ ಕೆಲಸ. ಹೀಗಿದ್ದೂ ಅಲ್ಪದಿಂದ ಮೇಲೆದ್ದವರಿದ್ದಾರೆ. ಕೋಸ್‌ಚಾರಿಸ್ ಸಂಸ್ಥೆಯ ಸ್ಥಾಪಕರಾದ ಕೋಸ್ಮಸ್ ಮಡುಕಾ ಅವರು, ಬಂಧುವಿನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದು, 200 ನೈರಾಗಳೊಡನೆ ಹೊರಬಂದು, ಮುಂದೆ ದೇಶದ ದೊಡ್ಡ ಮೋಟಾರು ವರ್ತಕರಲ್ಲಿ ಒಬ್ಬರಾದರು.

ಈ ಪದ್ಧತಿ ಇಷ್ಟು ಆಳಕ್ಕೆ ಬೇರುಬಿಡುವುದಕ್ಕೆ ಒಂದು ಘೋರವಾದ ಕಾರಣವುಂಟು. 1967ರ ಮೇ 30ರಂದು ಇಗ್ಬೋ ನಾಡು ಬಿಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕ ರಾಷ್ಟ್ರವೆಂದು ಸಾರಿಕೊಂಡಿತು. ನೈಜೀರಿಯಾ ಸರಕಾರದೊಡನೆ ಮುಂದೆ ನಡೆದ ಯುದ್ಧ 1970ರ ಜನವರಿಯಲ್ಲಿ ಬಿಯಾಫ್ರಾದ ಶರಣಾಗತಿಯೊಡನೆ ಮುಗಿಯುವಷ್ಟರಲ್ಲಿ, ಹಸಿವಿನಿಂದ ಸತ್ತವರ ಸಂಖ್ಯೆಯೇ ಲಕ್ಷಗಳನ್ನು ದಾಟಿತ್ತು. ಬದುಕುಳಿದು ಬ್ಯಾಂಕಿನ ಬಾಗಿಲಿಗೆ ಬಂದವರಿಗೆ ತಿಳಿದ ಸಮಾಚಾರವೇನೆಂದರೆ, ಯುದ್ಧಕಾಲದಲ್ಲಿ ವ್ಯವಹಾರ ನಡೆಸಿದ ಖಾತೆಗಳಲ್ಲಿ ಎಷ್ಟೇ ಹಣವಿದ್ದಿರಲಿ, ಪ್ರತಿಯೊಬ್ಬನಿಗೂ ಸಲ್ಲುವುದು ಆಗಿನ ನಾಣ್ಯದಲ್ಲಿ 20 ಪೌಂಡು ಮಾತ್ರ. ಸಾವಿರ ಪೌಂಡು ಕೂಡಿಟ್ಟ ವರ್ತಕನೂ ಐವತ್ತು ಪೌಂಡಿನ ಉಪಾಧ್ಯಾಯನೂ ಒಂದೇ ದಿನ ಒಂದೇ ಮಟ್ಟಕ್ಕೆ ಇಳಿದುಬಿಟ್ಟರು. ಪೋರ್ಟ್ ಹಾರ್ಕೋರ್ಟ್ ನಗರದಲ್ಲಿ ಬಿಟ್ಟುಬಂದಿದ್ದ ಮನೆಗಳು ‘ಪರಿತ್ಯಕ್ತ ಆಸ್ತಿ’ ಎನಿಸಿ ಪರರ ಪಾಲಾದುವು. 1972ರಲ್ಲಿ ವಿದೇಶೀ ಸಂಸ್ಥೆಗಳ ಷೇರುಗಳನ್ನು ದೇಶೀಯರಿಗೆ ಮಾರಬೇಕೆಂಬ ಶಾಸನ ಬಂದಾಗ, ಕೊಳ್ಳಲು ಇವರ ಕೈಯಲ್ಲಿ ಹಣವಿರಲಿಲ್ಲ. ಬ್ಯಾಂಕು ಕೈಬಿಟ್ಟಿತು, ಆಸ್ತಿ ಹೋಯಿತು. ಉಳಿದದ್ದು ಒಬ್ಬರನ್ನೊಬ್ಬರು ನಂಬುವ ಶಕ್ತಿ. ಅದನ್ನೇ ಬಂಡವಾಳ ಮಾಡಿಕೊಂಡು, ಒಬ್ಬ ಎದ್ದರೆ ಇನ್ನೊಬ್ಬನನ್ನು ಎತ್ತುತ್ತ, ಈ ಜನ ಒಂದು ತಲೆಮಾರಿನೊಳಗೆ ದೇಶದ ಪೇಟೆಗಳಲ್ಲೆಲ್ಲ ಮತ್ತೆ ಅಂಗಡಿ ತೆರೆದರು.

ಚಿಕ್ಕ ಹಣವನ್ನು ದೊಡ್ಡದು ಮಾಡಿಕೊಳ್ಳಲು ಅವರಲ್ಲಿರುವ ‘ಇಸುಸು’ ನಮ್ಮ ಚೀಟಿಯನ್ನು ಬಲ್ಲವರಿಗೆ ಹೊಸದೆನಿಸದು. ಆದರೆ ಅದರಲ್ಲಿ ಹರಾಜಿಲ್ಲ. ಇಪ್ಪತ್ತು ಮಂದಿ ಸೇರಿದರೆ, ಗೊತ್ತಾದ ದಿನಕ್ಕೊಮ್ಮೆ ಎಲ್ಲರೂ ಸಮನಾಗಿ ಹಾಕಿದ ಹಣವೆಲ್ಲ ಸರದಿಯಂತೆ ಒಬ್ಬನಿಗೆ ಹೋಗುತ್ತದೆ. ಎಕೆ, ಓರಿಯೆ, ಅಫೊ, ಎನ್‌ಕ್ವೊ ಎಂಬ ನಾಲ್ಕೇ ದಿನಗಳ ಇಗ್ಬೋ ವಾರದಲ್ಲಿ ಪ್ರತಿ ದಿನವೂ ಒಂದೊಂದು ಊರಿನ ಸಂತೆಯ ದಿನವಾದುದರಿಂದ, ಹಳ್ಳಿಗಳಲ್ಲಿ ಹಣ ಕೂಡಿಸುವುದಕ್ಕೆ ಸಂತೆಯೇ ಗಡಿಯಾರವಾಗಿತ್ತು. ಇನ್ನೊಂದು, ‘ಅಕಾವೊ’. ಕೈಯಲ್ಲಿ ಕಾರ್ಡುಗಳ ಕಟ್ಟು ಹಿಡಿದು ಸಂಗ್ರಾಹಕನೊಬ್ಬನು ದಿನವೂ ಅಂಗಡಿಯಿಂದ ಅಂಗಡಿಗೆ ಬರುತ್ತಾನೆ. ಮೆಣಸಿನಕಾಯಿ ಮಾರುವ ಹೆಂಗಸು ದಿನಕ್ಕೆ 500 ನೈರಾ ಕೊಟ್ಟರೆ ಅವಳ ಕಾರ್ಡಿನ ಒಂದು ಮನೆಗೆ ಗುರುತು ಹಾಕುತ್ತಾನೆ. ಮೂವತ್ತು ಮನೆ ತುಂಬಿದಾಗ 15,000ದಲ್ಲಿ ಒಂದು ದಿನದ ಹಣವನ್ನು ತನ್ನ ಕೂಲಿಯಾಗಿ ಹಿಡಿದುಕೊಂಡು 14,500ನ್ನು ಹಿಂದಿರುಗಿಸುತ್ತಾನೆ. ಬಡ್ಡಿ ಬರುವುದಿರಲಿ, ಕೈಯಿಂದಲೇ ಕೊಟ್ಟು ಉಳಿತಾಯ ಮಾಡುವುದು ಯಾವ ಜಾಣತನವೆಂದು ಲೆಕ್ಕ ಬಲ್ಲವರು ಕೇಳಬಹುದು. ಸೆರಗಿನ ಗಂಟಿನಲ್ಲಿರುವ ಹಣವನ್ನು ಮನೆಯವರಿಂದ, ಬಂಧುಗಳಿಂದ, ತನ್ನ ಮನಸ್ಸಿನ ಚಾಪಲ್ಯದಿಂದ ತಿಂಗಳುಗಟ್ಟಲೆ ಕಾಪಾಡುವುದೆಷ್ಟು ಕಷ್ಟವೆಂದು ಬಲ್ಲವಳು ಆ ಹೆಂಗಸು. ಅವಳು ತೆರುವುದು ಕಾವಲಿನ ಕೂಲಿ.

ಋಣವೇ ಸಾಲವಾಗಿ ಕೊರಳಿಗೆ ಉರುಳಾಗುವುದೂ ಉಂಟು. ಇಗ್ಬೋ ನಾಡಿನವರೇ ಆದ ಚಿನುವಾ ಅಚೆಬೆಯವರು 1960ರಲ್ಲಿ ಪ್ರಕಟಿಸಿದ ‘ನೋ ಲಾಂಗರ್ ಅಟ್ ಈಸ್’ ಕಾದಂಬರಿಯಲ್ಲಿ ಇದರ ಲೆಕ್ಕವನ್ನು ಪೌಂಡು ಪೌಂಡಾಗಿ ಬಿಡಿಸಿಟ್ಟಿದ್ದಾರೆ. ಊರಿನ ಸಂಘದವರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು 800 ಪೌಂಡು ಕೂಡಿಸಿ, ಓಬಿ ಎಂಬ ತರುಣನನ್ನು ಓದಲು ಇಂಗ್ಲೆಂಡಿಗೆ ಕಳಿಸುತ್ತಾರೆ. ಮರಳಿ ಬಂದು ಸರಕಾರದ ಅಧಿಕಾರಿಯಾದ ಅವನಿಗೆ ತಿಂಗಳಿಗೆ ಬರುವುದು 47 ಪೌಂಡು ಚಿಲ್ಲರೆ. ಅದರಲ್ಲಿ ಸಂಘದ ಕಂತು 20, ತಂದೆತಾಯಿಗಳಿಗೆ 10. ಮೋಟಾರಿನ ವಿಮೆ, ವಿದ್ಯುತ್ತಿನ ಬಿಲ್ಲು, ಪದವಿಗೆ ತಕ್ಕ ಬದುಕು ಇವುಗಳ ನಡುವೆ ಸಿಕ್ಕಿ ಅವನು ಕೊನೆಗೆ ಲಂಚಕ್ಕೆ ಕೈಯೊಡ್ಡುತ್ತಾನೆ. ಸಂಘದೊಡನೆ ಮುನಿಸಿಕೊಂಡು ಹೋಗಿದ್ದ ಅವನು ನ್ಯಾಯಾಲಯದಲ್ಲಿ ನಿಂತಾಗ, ವಕೀಲನ ವೆಚ್ಚವನ್ನು ಕೊಡುವವರೂ ಅದೇ ಸಂಘದವರು. ಕಷ್ಟದಲ್ಲಿರುವ ತಮ್ಮವನನ್ನು ಬೈಯುವುದಕ್ಕೆ ಮೊದಲು ಉಳಿಸಿಕೊಳ್ಳಬೇಕೆಂಬುದು ಅವರ ನ್ಯಾಯ.

ಈಚೆಗೆ ಸಾಲ ಕೊಡುವವರಿಗೆ ಮುಖವೇ ಇಲ್ಲ. ಮೊಬೈಲಿನ ಆ್ಯಪುಗಳು ಐದು ನಿಮಿಷದಲ್ಲಿ ಹಣ ಕೊಟ್ಟು, ಕಂತು ತಪ್ಪಿದೊಡನೆ ಫೋನಿನಲ್ಲಿರುವ ಬಂಧುಮಿತ್ರರಿಗೆಲ್ಲ ಅವಮಾನದ ಸಂದೇಶ ಕಳಿಸತೊಡಗಿದಾಗ, 2022ರಲ್ಲಿ ಸರಕಾರವು ಅವುಗಳಿಗೆ ನಿಯಮ ಹಾಕಬೇಕಾಯಿತು. 2023ರ ಜೂನ್ ತಿಂಗಳಲ್ಲಿ ನೈರಾದ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ, ಒಂದು ವರ್ಷದೊಳಗೆ ಅದರ ಬೆಲೆ ಡಾಲರಿನೆದುರು ಮೂರರಲ್ಲೊಂದು ಪಾಲಿಗೆ ಇಳಿಯಿತು. ವಿದೇಶದ ಸರಕನ್ನು ಕಡ ತಂದಿದ್ದ ವ್ಯಾಪಾರಿಯ ಸಾಲ, ಅವನು ಮತ್ತೊಂದು ಕಾಸು ತೆಗೆದುಕೊಳ್ಳದೆಯೇ, ಮೂರುಪಟ್ಟಾಯಿತು.

ಆದರೆ ಸಾಮಾನ್ಯ ಕುಟುಂಬವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸಾಲಕ್ಕೆ ದೂಡುವುದು ಸಾವು. ಹಿರಿಯನೊಬ್ಬ ತೀರಿಕೊಂಡರೆ ಮನೆಗೆ ಬಣ್ಣ ಬಳಿಯಿಸಬೇಕು, ಚಪ್ಪರ ಹಾಕಿಸಬೇಕು, ಹಸುವನ್ನು ಕೊಳ್ಳಬೇಕು, ವಾದ್ಯದವರನ್ನು ಕರೆಸಬೇಕು, ಬಂಧುವರ್ಗಕ್ಕೆಲ್ಲ ಒಂದೇ ಬಗೆಯ ಬಟ್ಟೆ ಹೊಲಿಸಬೇಕು. ಇಷ್ಟಕ್ಕೆಲ್ಲ ಹಣ ಹೊಂದಿಸುವವರೆಗೆ ದೇಹ ಶೀತಾಗಾರದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯುತ್ತದೆ. ಮಗ ತನ್ನ ಅಂಗಡಿಯ ಸರಕನ್ನೇ ಮಾರಿ ತಂದೆಯನ್ನು ಮಣ್ಣುಮಾಡಿದನೆಂಬ ಮಾತು ಅಲ್ಲಿ ಅಪರೂಪವಲ್ಲ. ಇದನ್ನು ತಡೆಯಲು 2019ರಲ್ಲಿ ಅನಾಂಬ್ರಾ ರಾಜ್ಯದ ಶಾಸನಸಭೆ ಅಂತ್ಯಕ್ರಿಯೆಯ ಆಡಂಬರವನ್ನು ಮಿತಿಗೊಳಿಸುವ ಕಾನೂನನ್ನು ಮಾಡಿ, ಎರಡು ತಿಂಗಳಿಗಿಂತ ಹೆಚ್ಚು ಕಾಲ ದೇಹವನ್ನು ಶೀತಾಗಾರದಲ್ಲಿಡಕೂಡದೆಂದು ವಿಧಿಸಿತು. ರೂಢಿಯಾದರೋ ಕಾನೂನಿನಷ್ಟು ಬೇಗ ಬದಲಾಗುವುದಿಲ್ಲ.

ಈ ಆಡಂಬರದ ನಡುವೆ ಯಾರ ಕಣ್ಣಿಗೂ ಬೀಳದಂತೆ ನಡೆಯುವ ಒಂದು ಸಣ್ಣ ಕಾರ್ಯವುಂಟು. ಒಂದೇ ಮೂಲಪುರುಷನ ವಂಶದವರ ಕೂಟಕ್ಕೆ ‘ಉಮುನ್ನಾ’ ಎಂದು ಹೆಸರು. ಗುಂಡಿ ತೋಡುವವರೂ ಹೊರುವವರೂ ಅವರೇ. ಸತ್ತವನು ಬದುಕಿದ್ದಾಗ ಕೂಟಕ್ಕೆ ಸಲ್ಲಿಸದೆ ಉಳಿಸಿಕೊಂಡ ವಂತಿಗೆಯನ್ನು ತೀರಿಸದ ಹೊರತು ಅವರು ಮೇಲೇಳುವುದಿಲ್ಲ. ತಂದೆಯ ಸಾವಿಗೆ ಪೇಟೆಯಿಂದ ಬಂದ ಮಗನೊಬ್ಬನು ಅವರ ಮುಂದೆ ಹೋಗಿ ಕುಳಿತುಕೊಳ್ಳುತ್ತಾನೆ. ಕಾರ್ಯದರ್ಶಿ ಹಳೆಯ ಪುಸ್ತಕವನ್ನು ತೆರೆದು, ಯಾವ ವರ್ಷದ ರಸ್ತೆಯ ವಂತಿಗೆ, ಯಾವ ವರ್ಷದ ಶಾಲೆಯ ವಂತಿಗೆ ಎಂದು ಒಂದೊಂದಾಗಿ ಓದುತ್ತಾನೆ. ಮಗ ಚೌಕಾಸಿ ಮಾಡದೆ ಎಣಿಸಿ ಕೊಡುತ್ತಾನೆ. ಕಾರ್ಯದರ್ಶಿ ತಂದೆಯ ಹೆಸರಿನ ಮುಂದೆ ಗೆರೆ ಎಳೆದು, ಪುಟದ ಕೆಳಗೆ ಮಗನ ಹೆಸರನ್ನು ಬರೆದುಕೊಳ್ಳುತ್ತಾನೆ. ಹಿರಿಯನು ಕೋಲಾಕಾಯಿಯನ್ನು ಒಡೆಯುತ್ತಾನೆ. ಆಮೇಲೆ ನಾಲ್ವರು ಯುವಕರು ಎದ್ದು ಗುದ್ದಲಿಗಳನ್ನು ಕೈಗೆತ್ತಿಕೊಳ್ಳುತ್ತಾರೆ.